ಹನ್ನೆರಡು ತಿಂಗಳ ಲೆಕ್ಕ: ವರ್ಷದ ಕೊನೆಗೆ ಮನೆಯ ನೆನಪುಗಳನ್ನು ಹೆಕ್ಕುವ ಬಗೆ

ಕೆಲವು ವರ್ಷಗಳ ಹಿಂದೆ ಡಿಸೆಂಬರ್ ಕೊನೆಯ ವಾರದ ಒಂದು ರಾತ್ರಿ, ಎಲ್ಲರೂ ಮಲಗಿದ ಮೇಲೆ, ನೋಟ್‌ಬುಕ್ ತೆರೆದು ‘ಈ ವರ್ಷ ನಮ್ಮ ಮನೆಯಲ್ಲಿ’ ಎಂದು ತಲೆಬರಹ ಹಾಕಿ ಕೂತೆ. ಅರ್ಧ ಗಂಟೆಯಲ್ಲಿ ಹುಟ್ಟಿದ್ದು ನಾಲ್ಕೇ ಸಾಲು. ಅಪ್ಪನ ಮಂಡಿನೋವು. ಚಾವಣಿ ಸೋರಿದ್ದು. ಕೆಲಸದ ತಲೆಬಿಸಿ. ನವೆಂಬರಿನಲ್ಲಿ ತಮ್ಮನ ಜತೆ ಆಡಿದ ಜಗಳ. ಓದಿಕೊಂಡರೆ ಆ ವರ್ಷ ಬರೀ ರಿಪೇರಿ ಬಿಲ್ಲಿನ ಹಾಗಿತ್ತು. ನೋಟ್‌ಬುಕ್ ಮುಚ್ಚಿ ಮಲಗಿದೆ.

ಮರುದಿನ ಬೇರೇನೋ ಹುಡುಕುತ್ತಾ ಫೋನಿನಲ್ಲಿ ಹಿಂದಕ್ಕೆ ಹೋಗುತ್ತಿದ್ದಾಗ ಅಕ್ಕನ ಹಳೆಯ ಮೆಸೇಜ್ ಒಂದು ಕಣ್ಣಿಗೆ ಬಿತ್ತು. ಏಪ್ರಿಲ್ ತಿಂಗಳು, ರಾತ್ರಿ 9 ಗಂಟೆ 40 ನಿಮಿಷ. ಇದ್ದದ್ದು ಎರಡೇ ಪದ: “ಕರೆಂಟ್ ಬಂತಾ?” ಅಷ್ಟರಿಂದ ಆ ಇಡೀ ಸಂಜೆ ಎದ್ದು ಬಂತು. ಕರೆಂಟ್ ಹೋಗಿತ್ತು, ಫೋನುಗಳ ಚಾರ್ಜ್ ಮುಗಿದಿತ್ತು, ಎಲ್ಲರೂ ಬಾಗಿಲ ಹೊರಗೆ ಬಂದು ಸುಮ್ಮನೆ ಕೂತಿದ್ದೆವು. ಆ ಕತ್ತಲಲ್ಲಿ ಅಪ್ಪ ಹೇಳಿದ, ಚಿಕ್ಕವನಿದ್ದಾಗ ತನಗೆ ಕತ್ತಲೆಂದರೆ ಜೀವ ಹೋಗುವಷ್ಟು ಹೆದರಿಕೆ, ಅದಕ್ಕೇ ರಾತ್ರಿ ಮನೆಗೆ ಬರುವ ದಾರಿಯುದ್ದಕ್ಕೂ ಜೋರಾಗಿ ಹಾಡಿಕೊಂಡು ಬರುತ್ತಿದ್ದೆ ಎಂದು. ನಾವು ಕಂಡ ಅಪ್ಪ ಯಾವುದಕ್ಕೂ ಹೆದರಿದವನಲ್ಲ. ಆ ಹಾಡನ್ನೂ ಎರಡು ಸಾಲು ಹಾಡಿ ತೋರಿಸಿದ. ಇಡೀ ವರ್ಷದಲ್ಲಿ ನನಗೆ ಸಿಕ್ಕ ಅತಿ ದೊಡ್ಡ ವಸ್ತು ಅದೇ ಇರಬೇಕು. ನನ್ನ ನಾಲ್ಕು ಸಾಲಿನಲ್ಲಿ ಅದರ ಸುಳಿವೇ ಇರಲಿಲ್ಲ.

ಅಲ್ಲಿಂದ ಮುಂದೆ ನಾನು ವರ್ಷದ ಲೆಕ್ಕವನ್ನು ತಲೆಯಿಂದ ಬರೆಯುವುದನ್ನು ಬಿಟ್ಟೆ. ಕುರುಹು ಹಿಡಿದು ಹೋಗುತ್ತೇನೆ, ಮನೆಯವರನ್ನು ಕೇಳುತ್ತೇನೆ, ಕೊನೆಗೆ ಬರೆಯುತ್ತೇನೆ. ಈ ಲೇಖನ ಅದರ ಕ್ರಮ.

ತಲೆಯನ್ನು ಯಾಕೆ ನಂಬಬಾರದು

ಸ್ವಲ್ಪ ಮನಶ್ಶಾಸ್ತ್ರ ಹೇಳಿ ಮುಂದೆ ಹೋಗುತ್ತೇನೆ. 1993ರಲ್ಲಿ ಡೇನಿಯಲ್ ಕಾನಮನ್ ಮತ್ತು ಸಂಗಡಿಗರು ಒಂದು ಪ್ರಯೋಗ ಮಾಡಿದರು. ಜನರು ಒಮ್ಮೆ 14 ಡಿಗ್ರಿ ಸೆಲ್ಸಿಯಸ್‌ನ ತಣ್ಣೀರಿನಲ್ಲಿ 60 ಸೆಕೆಂಡ್ ಕೈ ಅದ್ದಿದರು. ಇನ್ನೊಮ್ಮೆ ಅದೇ 60 ಸೆಕೆಂಡ್, ಜತೆಗೆ ಇನ್ನೂ 30 ಸೆಕೆಂಡ್. ಆ ಕೊನೆಯ 30 ಸೆಕೆಂಡಿನಲ್ಲಿ ನೀರನ್ನು ನಿಧಾನವಾಗಿ 15 ಡಿಗ್ರಿಗೆ ಏರಿಸಿದರು. ಯಾವುದನ್ನು ಮತ್ತೆ ಮಾಡುತ್ತೀರಿ ಎಂದು ಕೇಳಿದಾಗ ಹೆಚ್ಚಿನವರು ಆರಿಸಿಕೊಂಡದ್ದು ಎರಡನೆಯದನ್ನು, ಅಂದರೆ ಹೆಚ್ಚು ಹೊತ್ತು ನೋವು ಕೊಟ್ಟದ್ದನ್ನು. ನೆನಪಿಗೆ ಒಟ್ಟು ಅವಧಿಯ ಲೆಕ್ಕ ಬೇಡ. ತೀರಾ ತೀಕ್ಷ್ಣವಾಗಿದ್ದ ಗಳಿಗೆ ಯಾವುದು, ಕೊನೆ ಹೇಗಿತ್ತು, ಇವೆರಡನ್ನು ಹಿಡಿದು ಅದು ತೀರ್ಪು ಕೊಟ್ಟುಬಿಡುತ್ತದೆ.

ಪ್ರಯೋಗ ನಡೆದದ್ದು ನಿಮಿಷಗಳ ಮಟ್ಟದಲ್ಲಿ, ನಿಜ. ಆದರೆ ನನ್ನ ನಾಲ್ಕು ಸಾಲು ನೋಡಿದರೆ ವರ್ಷಕ್ಕೂ ಅದೇ ಚಾಳಿ ಅನ್ನಿಸುತ್ತದೆ. ಮೂರು ತೀಕ್ಷ್ಣವಾದ ಪೆಟ್ಟು, ಒಂದು ನವೆಂಬರ್ ಜಗಳ. ಹಾಗಾಗಿ ‘ಈ ವರ್ಷ ಚೆನ್ನಾಗಿರಲಿಲ್ಲ’ ಎಂಬ ತೀರ್ಮಾನ ಡಿಸೆಂಬರಿನಲ್ಲಿ ತಾನಾಗಿಯೇ ಬಂದರೆ, ಮೊದಲು ಅದನ್ನು ಪಕ್ಕಕ್ಕಿಡಿ.

ಮೊದಲ ಹೆಜ್ಜೆ: ದಿನ ಗೊತ್ತು ಮಾಡಿ, 31 ಬೇಡ

ವರ್ಷದ ಕೊನೆಯ ರಾತ್ರಿಯೇ ಆಗಬೇಕೆಂಬ ಹಟ ಬೇಡ. ಅವತ್ತು ಮನೆಯಲ್ಲಿ ಸದ್ದು, ಗಡಿಬಿಡಿ, ಇಲ್ಲವೇ ಒಂಟಿತನ. ಯಾವುದಿದ್ದರೂ ಈ ಕೆಲಸಕ್ಕೆ ಒಗ್ಗುವುದಿಲ್ಲ. ಡಿಸೆಂಬರ್ 20ರ ಆಸುಪಾಸಿನಲ್ಲಿ ಮೂರು ಸಂಜೆ ಸಾಕು. ಒಂದು ಕುರುಹು ಹುಡುಕಲು, ಒಂದು ಮನೆಯವರ ಜತೆ ಮಾತಿಗೆ, ಒಂದು ಬರೆಯಲು. ಒಂದೊಂದಕ್ಕೆ ಮುಕ್ಕಾಲು ಗಂಟೆ. ಹೆಚ್ಚು ಕೂತರೆ ಬೇಸರ ಬರುತ್ತದೆ, ಬೇಸರ ಬಂದ ಮೇಲೆ ಬರೆದದ್ದೆಲ್ಲ ಪ್ರಬಂಧದ ಹಾಗೆ ಕಾಣುತ್ತದೆ.

ಎರಡನೇ ಹೆಜ್ಜೆ: ಕುರುಹು ಹುಡುಕಿ

ಒಂದು ದೊಡ್ಡ ಹಾಳೆಯನ್ನು ಹನ್ನೆರಡು ಚೌಕ ಮಾಡಿ ತಿಂಗಳುಗಳ ಹೆಸರು ಬರೆಯಿರಿ. ಈಗ ಯೋಚಿಸಬೇಡಿ, ಹುಡುಕಿ.

ಫೋನಿನ ಫೋಟೋಗಳಿಂದ ಶುರು ಮಾಡುವುದು ಸುಲಭ, ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಫೋಟೋ ತೆಗೆಯುವುದು ಸಾಮಾನ್ಯವಾಗಿ ತೆಗೆಯುವಂಥ ದಿನಗಳಲ್ಲಿ: ಸಮಾರಂಭ, ಪ್ರವಾಸ, ಹೊಸ ಬಟ್ಟೆ. ಮನೆಯ ನಿಜವಾದ ವರ್ಷ ಇರುವುದು ಬೇರೆ ಕಡೆ. ಮನೆಯವರ ಜತೆಗಿನ ಮೆಸೇಜುಗಳಲ್ಲಿ, ಕ್ಯಾಲೆಂಡರಿನಲ್ಲಿ ಗೀಚಿದ ಗುರುತಿನಲ್ಲಿ, ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ, ಡಾಕ್ಟರ ಚೀಟಿಯಲ್ಲಿ, ಬಸ್ಸು ರೈಲಿನ ಟಿಕೆಟಿನಲ್ಲಿ, ಧ್ವನಿ ಸಂದೇಶಗಳಲ್ಲಿ. ಬ್ಯಾಂಕ್ ಸ್ಟೇಟ್‌ಮೆಂಟ್ ನೆನಪಿನ ಕೆಲಸಕ್ಕೆ ಬರುತ್ತದೆಯೇ ಎಂದು ನಗಬೇಡಿ. ಯಾವುದೋ ಮಂಗಳವಾರ ಮಧ್ಯಾಹ್ನ ಪುಸ್ತಕದಂಗಡಿಗೆ ಹೋದ ಸಣ್ಣ ಮೊತ್ತವೊಂದು ಕಂಡರೆ, ಆ ದಿನ ಯಾಕೆ ರಜೆ ಹಾಕಿದ್ದೆ, ಜತೆಗೆ ಯಾರಿದ್ದರು ಎಂಬುದೆಲ್ಲ ಹಿಂದೆಯೇ ಬರುತ್ತದೆ.

ಪ್ರತಿ ಚೌಕಕ್ಕೆ ಎರಡೋ ಮೂರೋ ಪದ ಮಾತ್ರ. ವಾಕ್ಯ ಬೇಡ. ‘ಕರೆಂಟ್ ಇಲ್ಲದ ರಾತ್ರಿ’, ‘ಅಕ್ಕನ ಕನ್ನಡಕ’, ‘ಆಸ್ಪತ್ರೆ ಬೆಂಚು’. ಒಂದೇ ಒಂದು ನಿಯಮ: ಪ್ರತಿ ತಿಂಗಳಲ್ಲೂ ಒಂದಾದರೂ ಮಾಮೂಲಿ ಸಂಗತಿ ಇರಬೇಕು, ಯಾರಿಗೂ ಹೇಳಿಕೊಳ್ಳುವಂಥದ್ದಲ್ಲದ್ದು. ಹತ್ತು ವರ್ಷ ಕಳೆದ ಮೇಲೆ ಮೊದಲು ಅಳಿಸಿಹೋಗುವುದು ಆ ಮಾಮೂಲಿಯೇ. ಸಂಜೆ ಯಾರು ಯಾವ ಕುರ್ಚಿಯಲ್ಲಿ ಕೂರುತ್ತಿದ್ದರು, ಬಾಗಿಲು ತೆಗೆಯುವಾಗ ಯಾವ ಸದ್ದು ಬರುತ್ತಿತ್ತು, ಮಗು ಯಾವ ಪದವನ್ನು ತಪ್ಪಾಗಿ ಹೇಳುತ್ತಿತ್ತು. ಮಕ್ಕಳಿದ್ದ ಮನೆಯಲ್ಲಂತೂ ತಪ್ಪು ಉಚ್ಚಾರಗಳನ್ನು ಬರೆದಿಡಲೇಬೇಕು. ಯಾವತ್ತು ಸರಿಹೋಯಿತೋ ಯಾರಿಗೂ ಗೊತ್ತಾಗುವುದಿಲ್ಲ.

ಫೋಟೋ ನೋಡುವಾಗ ಇನ್ನೊಂದು ಕೆಲಸ ಮಾಡಿ: ಯಾರು ಇಲ್ಲ ಎಂದು ನೋಡಿ. ನಮ್ಮ ಮನೆಯ ಒಂದು ವರ್ಷದ ಫೋಟೋಗಳಲ್ಲಿ ಅಕ್ಕ ಎರಡೇ ಕಡೆ ಇದ್ದಳು, ಅದರಲ್ಲಿ ಒಂದು ಕನ್ನಡಿಯಲ್ಲಿ, ಮುಖಕ್ಕೆ ಫೋನು ಅಡ್ಡ. ಉಳಿದದ್ದನ್ನೆಲ್ಲ ತೆಗೆದವಳು ಅವಳೇ. ಎಲ್ಲರ ವರ್ಷವನ್ನೂ ಜೋಪಾನ ಮಾಡಿದವಳು ತನ್ನ ವರ್ಷದಿಂದಲೇ ಕಾಣೆ. ಪ್ರತಿ ಮನೆಯಲ್ಲೂ ಇಂಥ ಒಬ್ಬರು ಇರುತ್ತಾರೆ. ಅವರ ಹೆಸರನ್ನು ಹಾಳೆಯ ಮೂಲೆಯಲ್ಲಿ ಬರೆದುಕೊಳ್ಳಿ, ಮುಂದೆ ಬೇಕಾಗುತ್ತದೆ.

ತೆಗೆದ ಫೋಟೋವೆಲ್ಲ ನೆನಪಾಗಿ ಉಳಿದಿದೆ ಅಂದುಕೊಳ್ಳುವುದೂ ತಪ್ಪು. ಲಿಂಡಾ ಹೆಂಕೆಲ್ ಎಂಬ ಮನಶ್ಶಾಸ್ತ್ರಜ್ಞೆ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮ್ಯೂಸಿಯಮ್ಮಿನ ವಸ್ತುಗಳಲ್ಲಿ ಬರೀ ನೋಡಿದವುಗಳಿಗಿಂತ ಪೂರ್ತಿ ಫೋಟೋ ತೆಗೆದವುಗಳ ನೆನಪೇ ಕಡಿಮೆಯಿತ್ತು. ಕುತೂಹಲದ ಮಾತೆಂದರೆ, ವಸ್ತುವಿನ ಒಂದು ಭಾಗವನ್ನು ಮಾತ್ರ ಝೂಮ್ ಮಾಡಿ ತೆಗೆದಾಗ ಈ ನಷ್ಟ ಆಗಲಿಲ್ಲ. ನಾನು ಇದರಿಂದ ತೆಗೆದುಕೊಂಡ ಪಾಠ ಇಷ್ಟೇ: ಈಗೀಗ ಗುಂಪು ಫೋಟೋ ಒಂದು ಸಾಕು, ಆಮೇಲೆ ಯಾರದಾದರೂ ಕೈ, ಚಪ್ಪಲಿ ಬಿಟ್ಟ ಜಾಗ, ಅರ್ಧ ಓದಿ ಮಗುಚಿಟ್ಟ ಪುಸ್ತಕ.

ಮೂರನೇ ಹೆಜ್ಜೆ: ಮನೆಯವರನ್ನು ಕೇಳಿ

ಇದು ಎಲ್ಲಕ್ಕಿಂತ ಮುಖ್ಯವಾದ ಸಂಜೆ, ಎಡವುವುದಕ್ಕೂ ಇಲ್ಲೇ ಜಾಗ ಹೆಚ್ಚು. ‘ಈ ವರ್ಷ ಹೇಗಿತ್ತು?’ ಎಂದು ಕೇಳಿದರೆ ‘ಪರವಾಗಿಲ್ಲ’ ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮಾತು ಮುಗಿಯಿತು. ದೊಡ್ಡ ಪ್ರಶ್ನೆಗೆ ಜನ ಸಣ್ಣ ಉತ್ತರ ಕೊಡುತ್ತಾರೆ. ಸಣ್ಣದನ್ನು ಕೇಳಿ ನೋಡಿ. ಈ ವರ್ಷ ಯಾವತ್ತು ಜೋರಾಗಿ ನಕ್ಕೆ? ಯಾರ ಫೋನ್ ಬಂದಾಗ ಎದೆ ಝಲ್ಲೆಂದಿತು? ಮನೆಯ ಯಾವ ಜಾಗದಲ್ಲಿ ಹೆಚ್ಚು ಹೊತ್ತು ಕೂತೆ? ನಿನಗೆ ಗೊತ್ತಿದ್ದು ನಮಗ್ಯಾರಿಗೂ ಗೊತ್ತಿಲ್ಲದ ಒಂದು ವಿಷಯ ಏನು? ಕೊನೆಯ ಪ್ರಶ್ನೆಯನ್ನು ಹಾಗೇ ಎಸೆಯಬೇಡಿ, ಮೊದಲು ನಿಮ್ಮದೊಂದನ್ನು ಹೇಳಿ.

ಹಾಳೆಯನ್ನು ಮಧ್ಯದಲ್ಲಿ ಇಡಿ. ‘ಆಗಸ್ಟ್ ಖಾಲಿ ಇದೆ, ಆಗಸ್ಟಿನಲ್ಲಿ ಏನಾಗಿತ್ತು?’ ಎಂದರೆ ಸಾಕು, ಸುಮ್ಮನಿದ್ದವರೂ ಬಗ್ಗಿ ನೋಡುತ್ತಾರೆ. ಖಾಲಿ ಚೌಕ ಕಂಡರೆ ತುಂಬಬೇಕು ಅನ್ನಿಸುವುದು ಮನುಷ್ಯ ಸ್ವಭಾವ.

ಹಿರಿಯರಿದ್ದರೆ ಈ ವರ್ಷಕ್ಕೇ ಅಂಟಿಕೊಳ್ಳಬೇಡಿ. ನಡುವಯಸ್ಸು ದಾಟಿದವರಿಗೆ ತಮ್ಮ 10ರಿಂದ 30ರ ವಯಸ್ಸಿನ ನೆನಪುಗಳು ಬೇರೆ ಕಾಲದವುಗಳಿಗಿಂತ ದಟ್ಟವಾಗಿ ಬರುತ್ತವೆ. ನೆನಪಿನ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ ಇದು. ಹಾಗಾಗಿ ‘ಈ ವರ್ಷ’ ಎಂದು ಶುರುವಾದ ಮಾತು ಅವರ ಹದಿನೇಳನೇ ವಯಸ್ಸಿಗೆ ಜಾರಿದರೆ ತಡೆಯಬೇಡಿ. ವಿಷಯ ತಪ್ಪಿತು ಅಂತ ನಿಮಗನ್ನಿಸಬಹುದು, ಅವರಿಗೆ ಈಗಷ್ಟೇ ವಿಷಯ ಸಿಕ್ಕಿದೆ. ನೀವು ಕೇಳಬೇಕಾದದ್ದು ಊರು-ಇಸವಿಗಿಂತ ಹೆಚ್ಚಾಗಿ ಸಣ್ಣಪುಟ್ಟದ್ದು: ಆ ಮನೆಗೆ ಎಷ್ಟು ಬಾಗಿಲು, ಬೆಳಕು ಯಾವ ಕಡೆಯಿಂದ ಬೀಳುತ್ತಿತ್ತು, ಯಾರ ಹೆಜ್ಜೆ ಸದ್ದಿಗೆ ಎಲ್ಲರೂ ಗಪ್‌ಚಿಪ್ ಆಗುತ್ತಿದ್ದಿರಿ. ಕೇಳಿ ಸುಮ್ಮನಿರಿ. ಅವರು ನಿಲ್ಲಿಸಿದಾಗ ಮನಸ್ಸಿನಲ್ಲೇ ಐದರ ತನಕ ಎಣಿಸಿ. ಒಳ್ಳೆಯದು ಬರುವುದು ಸಾಮಾನ್ಯವಾಗಿ ಆರಕ್ಕೆ.

ಇದರಿಂದ ಮಕ್ಕಳಿಗೂ ಏನೋ ಸಿಗುತ್ತದೆ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫಿವುಷ್ ಮಕ್ಕಳಿಗೆ 20 ಪ್ರಶ್ನೆಗಳ ಒಂದು ಪಟ್ಟಿ ಕೊಟ್ಟು ನೋಡಿದರು. ಅಪ್ಪ ಅಮ್ಮ ಹೇಗೆ ಭೇಟಿಯಾದರು, ನೀನು ಹುಟ್ಟಿದಾಗ ಏನಾಯಿತು, ಅಜ್ಜ ಅಜ್ಜಿ ಎಲ್ಲಿ ಬೆಳೆದರು, ಈ ಥರ. ಮನೆಯ ಕತೆ ಹೆಚ್ಚು ಗೊತ್ತಿದ್ದ ಮಕ್ಕಳಲ್ಲಿ ತಮ್ಮ ಬದುಕು ತಮ್ಮ ಕೈಯಲ್ಲಿದೆ ಎಂಬ ಭಾವ, ಆತ್ಮಗೌರವ ಹೆಚ್ಚಿತ್ತು. ಹಾಗಂತ ಉತ್ತರಗಳನ್ನು ಬಾಯಿಪಾಠ ಮಾಡಿಸಿದರೆ ಲಾಭವಿಲ್ಲ. ಆ ಸಂಶೋಧಕರೇ ಹೇಳುವ ಪ್ರಕಾರ ಮುಖ್ಯವಾದದ್ದು ಆ ಕತೆಗಳು ಮನೆಯಲ್ಲಿ ಓಡಾಡುತ್ತಿರುವುದು. ಕತ್ತಲಿಗೆ ಹೆದರಿ ಹಾಡಿದ ಅಜ್ಜನ ಕತೆ ಈಗ ನಮ್ಮ ಮನೆಯ ಮಕ್ಕಳ ಬಾಯಲ್ಲಿದೆ. ಅವರ ಆವೃತ್ತಿಯಲ್ಲಿ ಅಜ್ಜನ ಹಿಂದೆ ನರಿಯೂ ಬರುತ್ತದೆ.

ನರಿ ಎಲ್ಲಿಂದ ಬಂತು? ಅದೇ ನೆನಪಿನ ಗುಣ. ಕೇಂಬ್ರಿಡ್ಜಿನ ಫ್ರೆಡರಿಕ್ ಬಾರ್ಟ್‌ಲೆಟ್ 1932ರಲ್ಲೇ ಇದನ್ನು ತೋರಿಸಿದ್ದ. ಅಪರಿಚಿತ ಜನಪದ ಕತೆಯೊಂದನ್ನು ಓದಿಸಿ, ಆಮೇಲೆ ಮತ್ತೆ ಮತ್ತೆ ಹೇಳಿಸಿದಾಗ ಜನ ತಮಗೆ ಅರ್ಥವಾಗದ್ದನ್ನು ಬಿಟ್ಟು, ಗೊತ್ತಿದ್ದದ್ದನ್ನು ಸೇರಿಸಿ, ಕತೆಯನ್ನು ತಮ್ಮದಾಗಿಸಿಕೊಂಡುಬಿಟ್ಟಿದ್ದರು. ನೆನಪೆಂದರೆ ಪೆಟ್ಟಿಗೆಯಿಂದ ತೆಗೆಯುವ ವಸ್ತುವಲ್ಲ, ಪ್ರತಿಸಲ ಹೊಸದಾಗಿ ಕಟ್ಟುವ ಮನೆ. ಆದ್ದರಿಂದ ಮೂರನೇ ಹೆಜ್ಜೆಯಲ್ಲಿ ಜಗಳ ಗ್ಯಾರಂಟಿ. ‘ಅದು ನಾನಲ್ಲ, ನೀನು’, ‘ಅವತ್ತು ಮಳೆ ಇರಲೇ ಇಲ್ಲ’. ತೀರ್ಪು ಕೊಡಲು ಹೋಗಬೇಡಿ. ಎರಡೂ ಮಾತನ್ನು ಬರೆದುಕೊಳ್ಳಿ, ಯಾರದು ಯಾವುದು ಎಂದು ಗುರುತು ಹಾಕಿ. ಮನೆಯ ಇತಿಹಾಸಕ್ಕೆ ಒಂದೇ ಅಧಿಕೃತ ಪ್ರತಿ ಇದ್ದರೆ ಅದರಲ್ಲಿ ಸಾಮಾನ್ಯವಾಗಿ ಜೋರು ಬಾಯಿಯವರೇ ನಾಯಕರು.

ಧ್ವನಿ ಮುದ್ರಿಸಿಕೊಳ್ಳುವುದಾದರೆ ಮೊದಲು ಕೇಳಿ, ಕದ್ದು ಮಾಡಬೇಡಿ. ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ ಮಡಚಿದ ಬಟ್ಟೆಯ ಮೇಲೆ ಇಡಿ. ಮೇಜಿನ ಮೇಲೆ ನೇರ ಇಟ್ಟರೆ ಲೋಟ ಇಟ್ಟ ಸದ್ದೂ ಗುಡುಗಿನ ಹಾಗೆ ಕೇಳುತ್ತದೆ. ಫ್ಯಾನ್ ನಿಲ್ಲಿಸಿ. ಶುರುವಿನಲ್ಲೇ ತಾರೀಖು, ಮಾತಾಡುವವರ ಹೆಸರು ಹೇಳಿಬಿಡಿ. ನಲವತ್ತು ನಿಮಿಷಕ್ಕೆ ಮುಗಿಸಿ, ಹಿರಿಯರು ದಣಿದದ್ದನ್ನು ಹೇಳುವುದಿಲ್ಲ.

ನಾಲ್ಕನೇ ಹೆಜ್ಜೆ: ಒಳಿತಿನ ಪಟ್ಟಿ, ಆದರೆ ಹೆಸರು ಹಿಡಿದು

ಈಗ ಭಾಗ್ಯಗಳ ಮಾತು. ಸಿಕ್ಕ ಒಳಿತನ್ನು ಎಣಿಸಿಕೊಳ್ಳುವುದರಿಂದ ಮನಸ್ಸಿಗೆ ಒಳ್ಳೆಯದಾಗುತ್ತದೆ ಎಂಬುದಕ್ಕೆ ಆಧಾರವಿದೆ. ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲಾ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾರಕ್ಕೊಮ್ಮೆ ಹೆಚ್ಚೆಂದರೆ ಐದು ಒಳಿತನ್ನು ಬರೆದವರು ತಮ್ಮ ಬದುಕಿನ ಬಗ್ಗೆ, ಮುಂಬರುವ ವಾರದ ಬಗ್ಗೆ, ಕಿರಿಕಿರಿಗಳನ್ನು ಬರೆದವರಿಗಿಂತ ಹೆಚ್ಚು ನೆಮ್ಮದಿಯಿಂದ ಮಾತಾಡಿದರು. ಆದರೆ ಹೆಚ್ಚಿನವರ ಪಟ್ಟಿ ಹೀಗಿರುತ್ತದೆ: ಆರೋಗ್ಯ, ಕುಟುಂಬ, ಕೆಲಸ, ಸ್ನೇಹಿತರು. ಇದು ಪಟ್ಟಿಯಲ್ಲ, ಅರ್ಜಿ ನಮೂನೆ. ಬರೆದವರ ಹೆಸರು ಬದಲಾಯಿಸಿದರೆ ಯಾರದಾದರೂ ಆಗುತ್ತದೆ.

‘ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ’ ಎಂಬ ಗಾದೆಯಲ್ಲಿ ನನಗೆ ಹಿಡಿಸುವುದು ಅದು ಉಪ್ಪನ್ನಲ್ಲ, ಇಟ್ಟವರನ್ನು ನೆನೆ ಎನ್ನುವುದು. ಅದೇ ದಾರಿ ಹಿಡಿಯೋಣ. ಪ್ರತಿ ಸಾಲಿಗೂ ಮೂರು ವಿಷಯ ಬರೆಯಿರಿ: ಯಾರು, ಏನು ಮಾಡಿದರು, ಅದಕ್ಕಾಗಿ ಅವರು ಏನು ಕಳೆದುಕೊಂಡರು. ಮೂರನೆಯದೇ ಮುಖ್ಯ. ‘ಅಪ್ಪನ ಮಂಡಿನೋವು’ ಎಂಬ ನನ್ನ ಆ ಸಾಲು ಈ ಲೆಕ್ಕದಲ್ಲಿ ಬೇರೆಯೇ ಆಯಿತು: ‘ತಮ್ಮ, ಅಪ್ಪನನ್ನು ಡಾಕ್ಟರ ಹತ್ತಿರ ಏಳು ಸಲ ಕರೆದುಕೊಂಡು ಹೋದ, ಏಳು ಅರ್ಧ ದಿನದ ರಜೆ.’ ನವೆಂಬರಿನಲ್ಲಿ ನಾನು ಜಗಳವಾಡಿದ್ದು ಇದೇ ತಮ್ಮನ ಜತೆ. ನಾಲ್ಕು ಸಾಲಿನ ಪಟ್ಟಿಯಲ್ಲಿ ಅವನು ಜಗಳದ ಬಾಬಿನಲ್ಲಿ ಮಾತ್ರ ಇದ್ದ. ಏಳು ರಜೆಗಳ ಲೆಕ್ಕ ಸಿಕ್ಕಿದ್ದು ಡಾಕ್ಟರ ಚೀಟಿಗಳ ತಾರೀಖಿನಿಂದ.

ಎಷ್ಟು ಸಾಲು? ಹತ್ತು ಸಾಕು. ನೂರು ಬರೆಯಲು ಹೊರಟವರು ಮೂವತ್ತಕ್ಕೇ ‘ಬಿಸಿಲು, ಮಳೆ, ಗಾಳಿ’ ಎಂದು ಸುಳ್ಳು ಲೆಕ್ಕ ಬರೆಯತೊಡಗುತ್ತಾರೆ. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಅನ್ನುವುದು ಇದಕ್ಕೇ.

ಪಟ್ಟಿ ಸಪ್ಪೆ ಅನ್ನಿಸಿದರೆ ಎರಡು ಉಪಾಯ. ಒಂದು, ಕಳೆದು ನೋಡುವುದು. 2008ರಲ್ಲಿ ಮಿನ್‌ಕ್ಯುಂಗ್ ಕೂ ಮತ್ತು ಸಂಗಡಿಗರು ಮಾಡಿದ ಪ್ರಯೋಗಗಳಲ್ಲಿ, ‘ನನ್ನ ಸಂಗಾತಿ ನನಗೆ ಹೇಗೆ ಸಿಕ್ಕರು’ ಎಂದು ಬರೆದವರಿಗಿಂತ ‘ನಾವು ಭೇಟಿಯಾಗದೇ ಹೋಗಬಹುದಿತ್ತು, ಹೇಗೆ’ ಎಂದು ಬರೆದವರಿಗೆ ತಮ್ಮ ಸಂಬಂಧದ ಬಗ್ಗೆ ಹೆಚ್ಚು ತೃಪ್ತಿ ಕಂಡಿತ್ತು. ಇದ್ದದ್ದನ್ನು ಎಣಿಸುವುದು ರೂಢಿಯಾಗಿಬಿಡುತ್ತದೆ. ಇರದೇ ಹೋಗಬಹುದಿತ್ತು ಎಂದಾಗ ಬೆಚ್ಚಿಬೀಳುತ್ತೇವೆ. ಆ ರಾತ್ರಿ ಕರೆಂಟ್ ಹೋಗದಿದ್ದರೆ? ಎಲ್ಲರೂ ತಂತಮ್ಮ ಕೋಣೆ, ತಂತಮ್ಮ ಪರದೆ. ಹಾಡು ಅಪ್ಪನ ಜತೆಯೇ ಉಳಿಯುತ್ತಿತ್ತು.

ಇನ್ನೊಂದು, ಜಪಾನಿನ ಯೋಶಿಮೊಟೊ ಇಶಿನ್ 20ನೇ ಶತಮಾನದಲ್ಲಿ ರೂಪಿಸಿದ ನೈಕನ್ ಎಂಬ ಕ್ರಮ. ಒಬ್ಬ ವ್ಯಕ್ತಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮೂರೇ ಪ್ರಶ್ನೆ: ಅವರಿಂದ ನಾನು ಏನು ಪಡೆದೆ, ಅವರಿಗೆ ನಾನು ಏನು ಕೊಟ್ಟೆ, ಅವರಿಗೆ ನಾನು ಏನು ತೊಂದರೆ ಕೊಟ್ಟೆ. ‘ಅವರು ನನಗೆ ಏನು ತೊಂದರೆ ಕೊಟ್ಟರು’ ಎಂಬ ನಾಲ್ಕನೇ ಪ್ರಶ್ನೆ ಇಲ್ಲ. ಅದರ ಉತ್ತರ ನಮಗೆ ಕೇಳದೆಯೇ ಗೊತ್ತಿರುತ್ತದಲ್ಲ! ಮೊದಲ ಸಲ ಕೂತಾಗ ಮೂರನೇ ಪ್ರಶ್ನೆಗೆ ನನಗೆ ಒಂದು ಪುಟ ಸಾಲಲಿಲ್ಲ. ಮುಜುಗರವಾಯಿತು, ಆದರೆ ಜಗಳದ ಬಿಸಿ ಇಳಿಯಿತು.

ವರ್ಷ ನಿಜಕ್ಕೂ ಕೆಟ್ಟದಾಗಿದ್ದರೆ

ಕೆಲವು ವರ್ಷಗಳು ನಿಜಕ್ಕೂ ಕೆಟ್ಟವೇ. ಸಾವು, ಕಾಯಿಲೆ, ಮುರಿದ ಮನೆ. ಅಂಥ ವರ್ಷದ ಕೊನೆಗೆ ಯಾರಾದರೂ ಬಂದು ‘ಆದರೂ ಒಳ್ಳೆಯದನ್ನು ನೋಡು’ ಅಂದರೆ ಅವರ ಮಾತನ್ನು ಕೇಳಬೇಡಿ. ಒಳಿತಿನ ಪಟ್ಟಿ ನೋವಿಗೆ ಮುಚ್ಚಳವಾಗಬಾರದು.

ಆ ವರ್ಷ ನಾಲ್ಕನೇ ಹೆಜ್ಜೆಯನ್ನು ಬಿಡಿ, ಆದದ್ದನ್ನು ಇದ್ದ ಹಾಗೆ ಬರೆಯಿರಿ. ಜೇಮ್ಸ್ ಪೆನಬೇಕರ್ 1986ರಲ್ಲಿ ಸಹೋದ್ಯೋಗಿಯ ಜತೆ ಪ್ರಕಟಿಸಿದ ಪ್ರಯೋಗದ ಕ್ರಮ ಸರಳ: ದಿನಕ್ಕೆ 15 ನಿಮಿಷ, ಸತತ ನಾಲ್ಕು ದಿನ, ಮನಸ್ಸನ್ನು ಕಲಕಿದ ಸಂಗತಿಯನ್ನು ವ್ಯಾಕರಣ, ಕಾಗುಣಿತ ನೋಡದೆ ಬರೆಯುವುದು. ಬರೆದ ಹೊತ್ತಿನಲ್ಲಿ ಮನಸ್ಸು ಭಾರವಾಗುತ್ತದೆ, ಅದು ಸಹಜ. ಯಾರಿಗೂ ತೋರಿಸಬೇಕಿಲ್ಲ, ಹರಿದು ಹಾಕಿದರೂ ಸರಿ. ಆದರೆ ಬರೆಯುತ್ತಾ ನಿದ್ದೆ ಕೆಡುತ್ತಾ ಹೋದರೆ, ಅದೇ ಯೋಚನೆ ಸುತ್ತಿಕೊಂಡರೆ, ನಿಲ್ಲಿಸಿ. ಆಪ್ತರ ಹತ್ತಿರವೋ ಆಪ್ತಸಲಹೆಗಾರರ ಹತ್ತಿರವೋ ಮಾತಾಡಿ. ಸಾವು ತೀರಾ ಹತ್ತಿರದ್ದಾದರೆ ಬರವಣಿಗೆಗೆ ಅವಸರವೇ ಇಲ್ಲ.

ಇನ್ನೊಂದು ಮಾತು. ಕನ್ನಡದಲ್ಲಿ ಋಣ ಬೇರೆ, ಹಂಗು ಬೇರೆ. ಋಣ ನೆನೆದಾಗ ಮನಸ್ಸು ತುಂಬುತ್ತದೆ, ಹಂಗು ನೆನೆದಾಗ ತಲೆ ತಗ್ಗುತ್ತದೆ. ಕೊಟ್ಟದ್ದನ್ನು ದಿನಾ ಎತ್ತಿ ಆಡಿದವರು, ಕೈಯೆತ್ತಿದವರು, ಮಾತಿನಲ್ಲಿ ಸುಟ್ಟವರು ಮನೆಯವರೇ ಆದರೂ ಅವರಿಗೆ ಪಟ್ಟಿಯಲ್ಲಿ ಜಾಗ ಕೊಡಬೇಕೆಂದಿಲ್ಲ. ನೈಕನ್‌ನ ಮೂರು ಪ್ರಶ್ನೆಗಳನ್ನು ಅಂಥವರ ಮೇಲೆ ಪ್ರಯೋಗಿಸಲೂ ಹೋಗಬೇಡಿ.

ಐದನೇ ಹೆಜ್ಜೆ: ಹೇಳಿಬಿಡಿ

ಹತ್ತು ಹೆಸರಿನಲ್ಲಿ ಒಬ್ಬರಿಗಾದರೂ ಪತ್ರ ಬರೆಯಿರಿ. ಮನೆಯವರಿಗೆ ಏನು ಥ್ಯಾಂಕ್ಸ್ ಹೇಳುವುದು, ನಾಟಕ ಅಂದುಕೊಳ್ಳುವುದಿಲ್ಲವೇ ಎಂಬ ಅಳುಕು ಎಲ್ಲರಿಗೂ ಇರುತ್ತದೆ. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ 2018ರಲ್ಲಿ ಈ ಅಳುಕನ್ನೇ ಅಳೆದರು. ಕೃತಜ್ಞತೆಯ ಪತ್ರ ಬರೆದವರು, ಓದುವವರಿಗೆ ಮುಜುಗರವಾಗುತ್ತದೆ ಎಂದು ನಿಜಕ್ಕಿಂತ ಹೆಚ್ಚು ಅಂದಾಜು ಮಾಡಿದ್ದರು. ಓದಿದವರಿಗೆ ಆಗುವ ಸಂತೋಷವನ್ನು ಕಡಿಮೆ ಅಂದಾಜು ಮಾಡಿದ್ದರು. ಸರಿಯಾದ ಪದ ಸಿಗುತ್ತಿಲ್ಲ ಎಂದು ಬರೆಯುವವರು ಒದ್ದಾಡುತ್ತಾರೆ, ಓದುವವರು ಪದಗಳನ್ನು ಅಷ್ಟಾಗಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಪತ್ರ ಹತ್ತು ಸಾಲು ದಾಟದಿರಲಿ. ಹೊಗಳಿಕೆ ಬೇಡ, ಘಟನೆ ಸಾಕು. ‘ನೀನು ಎಷ್ಟು ಒಳ್ಳೆಯವಳು’ ಎಂದರೆ ಎದುರಿನವರು ಮುದುಡಿಕೊಳ್ಳುತ್ತಾರೆ. ನಾನು ಅಕ್ಕನಿಗೆ ಬರೆದದ್ದು ಇಷ್ಟು: “ಈ ವರ್ಷದ ನಮ್ಮ ಫೋಟೋಗಳನ್ನೆಲ್ಲ ನೋಡಿದೆ. ನೀನು ಎರಡರಲ್ಲಿ ಇದ್ದೀಯ. ಮಿಕ್ಕಿದ್ದೆಲ್ಲದರಲ್ಲೂ ನಾವು ನಿನ್ನನ್ನೇ ನೋಡಿ ನಗುತ್ತಿದ್ದೇವೆ. ಮುಂದಿನ ವರ್ಷ ಫೋನ್ ನನ್ನ ಕೈಗೆ ಕೊಡು.” ಅವಳು ಉತ್ತರ ಬರೆಯಲಿಲ್ಲ. ಎರಡು ದಿನ ಬಿಟ್ಟು ಕರೆ ಮಾಡಿ ಬೇರೇನೋ ಅರ್ಧ ಗಂಟೆ ಮಾತಾಡಿ, ಇಡುವ ಮೊದಲು “ಕನ್ನಡಿಯದ್ದನ್ನು ಲೆಕ್ಕಕ್ಕೆ ತಗೋಬೇಡ, ಒಂದೇ ಇರೋದು” ಅಂದಳು.

ತೀರಿಹೋದವರ ಹೆಸರು ಪಟ್ಟಿಯಲ್ಲಿದ್ದರೆ ಪತ್ರವನ್ನು ಅವರನ್ನು ಬಲ್ಲ ಇನ್ನೊಬ್ಬರಿಗೆ ಬರೆಯಿರಿ.

ಆರನೇ ಹೆಜ್ಜೆ: ಎತ್ತಿಡಿ

ಇದು ಬೇಗ ಮುಗಿಯುವ ಕೆಲಸ, ಅದಕ್ಕೇ ಎಲ್ಲರೂ ಮುಂದೂಡುತ್ತಾರೆ. ವರ್ಷದ ಸಾವಿರಾರು ಫೋಟೋಗಳಲ್ಲಿ ಇಪ್ಪತ್ತನಾಲ್ಕು ಆರಿಸಿ, ತಿಂಗಳಿಗೆ ಎರಡು. ಸಾಧ್ಯವಾದರೆ ಅಚ್ಚು ಹಾಕಿಸಿ. ಹಿಂಬದಿಯಲ್ಲಿ, ಅಂಚಿನ ಹತ್ತಿರ, ಮೃದು ಪೆನ್ಸಿಲಿನಲ್ಲಿ ಒತ್ತದೆ ಬರೆಯಿರಿ. ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ ಮುಂಭಾಗದಲ್ಲಿ ಗೆರೆ ಎದ್ದು ಕಾಣುತ್ತದೆ. ‘ಅಮ್ಮ, ಚಿಕ್ಕಪ್ಪ’ ಎಂದಷ್ಟೇ ಬರೆದರೆ ಮೊಮ್ಮಕ್ಕಳಿಗೆ ಅದು ಯಾರ ಅಮ್ಮ ಎಂದು ಗೊತ್ತಾಗುವುದಿಲ್ಲ. ಪೂರ್ತಿ ಹೆಸರು, ತಾರೀಖು, ಜಾಗ ಬರೆಯಿರಿ.

ಥರ್ಮಲ್ ಕಾಗದದ ರಸೀದಿ, ಟಿಕೆಟುಗಳ ಅಕ್ಷರ ಬಿಸಿಲಿಗೆ, ಶಾಖಕ್ಕೆ ಮಾಸಿಹೋಗುತ್ತದೆ. ಇಟ್ಟುಕೊಳ್ಳಬೇಕಾದದ್ದಾದರೆ ಈಗಲೇ ಫೋಟೋ ತೆಗೆದುಬಿಡಿ. ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋ ಕುಗ್ಗುತ್ತದೆ, ತೆಗೆದ ಸಮಯದ ಮಾಹಿತಿಯೂ ಉಳಿಯುವುದಿಲ್ಲ. ಮೂಲ ಬೇಕಿದ್ದರೆ ಡಾಕ್ಯುಮೆಂಟ್ ರೂಪದಲ್ಲಿ ಕಳಿಸಲು ಹೇಳಿ. ಕಡತದ ಹೆಸರನ್ನು ಇಸವಿ, ತಿಂಗಳು, ದಿನ ಎಂಬ ಕ್ರಮದಲ್ಲಿ ಶುರು ಮಾಡಿದರೆ ತಾನಾಗಿಯೇ ಸಾಲಾಗಿ ನಿಲ್ಲುತ್ತದೆ. ಪ್ರತಿಗಳು ಮೂರಿರಲಿ, ಎರಡು ಬೇರೆ ಬಗೆಯ ಸಾಧನದಲ್ಲಿ, ಒಂದು ಮನೆಯಿಂದ ಹೊರಗೆ. ಪೆನ್‌ಡ್ರೈವ್ ಒಂದನ್ನೇ ನಂಬಿ ಕೂರಬೇಡಿ. ಧ್ವನಿ ಸಂದೇಶಗಳನ್ನು ಇವತ್ತೇ ಹೊರತೆಗೆದು ಇಡಿ. ಫೋನ್ ಬದಲಾಯಿಸುವಾಗ ಮೊದಲು ಕಳೆದುಹೋಗುವುದು ಅವೇ. ನನ್ನ ಹತ್ತಿರ ಅಪ್ಪನದೊಂದಿದೆ, 11 ಸೆಕೆಂಡ್: “ಕೊಡೆ ತಗೊಂಡು ಹೋಗು, ಮಳೆ ಬರೋ ಹಾಗಿದೆ. ಮೇಲೆ ಇಟ್ಟಿದೀನಿ ನೋಡು.” ಅಷ್ಟೇ. ಮೂರು ಕಡೆ ಇಟ್ಟಿದ್ದೇನೆ.

ಮುಂದಿನ ವರ್ಷಕ್ಕೆ ಹೊಸ ಸಂಕಲ್ಪವೇನೂ ಬೇಡ. ಹಾಳೆಯನ್ನು ಮಾತ್ರ ಈಗಲೇ ಹನ್ನೆರಡು ಚೌಕ ಮಾಡಿ, ಎಲ್ಲರ ಕೈಗೆ ಸಿಗುವ ಕಡೆ ಅಂಟಿಸಿ, ಪಕ್ಕದಲ್ಲಿ ದಾರ ಕಟ್ಟಿದ ಪೆನ್ಸಿಲ್ ತೂಗುಬಿಡಿ. ದಾರ ಮುಖ್ಯ, ಇಲ್ಲದಿದ್ದರೆ ಪೆನ್ಸಿಲ್ ಫೆಬ್ರವರಿ ದಾಟುವುದಿಲ್ಲ.

ಮುಗಿದ ವರ್ಷದ ಹಾಳೆಯನ್ನು ಮಡಚಿ ಲಕೋಟೆಗೆ ಹಾಕಿ, ಮೇಲೆ ಇಸವಿ ಬರೆಯಿರಿ. ಹಾಕುವ ಮೊದಲು ಮನೆಯವರೆಲ್ಲರ ಕೈಗೂ ಒಮ್ಮೆ ಕೊಟ್ಟು, ತಿದ್ದುವುದಿದ್ದರೆ ತಿದ್ದಲು ಹೇಳಿ. ನಮ್ಮ ಆ ವರ್ಷದ ಹಾಳೆಯಲ್ಲಿ ‘ಕರೆಂಟ್ ಇಲ್ಲದ ರಾತ್ರಿ’ಯ ಪಕ್ಕ ಅಮ್ಮ ಪೆನ್ಸಿಲಿನಲ್ಲಿ ಬರೆದಿದ್ದಾಳೆ: ‘ಏಪ್ರಿಲ್ ಅಲ್ಲ, ಮೇ.’ ಅಕ್ಕನ ಮೆಸೇಜಿನಲ್ಲಿ ತಾರೀಖಿದೆ, ತೋರಿಸಿದೆ. ನೋಡಿದಳು, ಕನ್ನಡಕ ತೆಗೆದಳು, ಅಳಿಸಲಿಲ್ಲ.